ಮೂಲೆಯ ಉದ್ದಗಾಲಿನ ಜೇಡ: ಗುರುತಿಸುವ ಬಗೆ, ಹದ್ದುಬಸ್ತಿನಲ್ಲಿಡುವ ಬಗೆ

ಸಜ್ಜೆಯ ಅಡಿ, ಬಚ್ಚಲುಮನೆಯ ವೆಂಟಿಲೇಟರ್, ಮೆಟ್ಟಿಲ ಕೆಳಗಿನ ಕತ್ತಲೆ, ಮಂಚದ ಹಿಂದಿನ ಗೋಡೆ ಇಂತಹ ಕಡೆಗಳಲ್ಲಿ ತಲೆಕೆಳಗಾಗಿ ತೂಗಾಡುವ, ಮೈಗಿಂತ ಕಾಲೇ ಹೆಚ್ಚಾಗಿ ಕಾಣುವ ಸಣಕಲು ಜೇಡ ನಮ್ಮ ಬಹುತೇಕ ಮನೆಗಳಲ್ಲಿ ಇರುತ್ತದೆ. ಹಬ್ಬ ಹತ್ತಿರ ಬಂದಾಗ ಕೋಲಿನ ತುದಿಗೆ ಪೊರಕೆ ಕಟ್ಟಿ ನಾವು ಹೊಡೆದು ಬೀಳಿಸುವ ಬಲೆಗಳಲ್ಲಿ ಹೆಚ್ಚಿನವು ಇದರದ್ದೇ. ಹಬ್ಬ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಅದೇ ಮೂಲೆಯಲ್ಲಿ ಬಲೆ ಮತ್ತೆ ಕಾಣಿಸಿಕೊಂಡರೆ ಅದಕ್ಕೆ ಜೇಡದ ಹಟ ಕಾರಣವಲ್ಲ. ಬಲೆಯನ್ನು ತೆಗೆದೆವು, ಆದರೆ ಮೊಟ್ಟೆಯನ್ನೂ ಜೇಡ ಅಲ್ಲಿಯೇ ನೆಲೆಸಲು ಕಾರಣವಾದ ಆಹಾರವನ್ನೂ ಹಾಗೆಯೇ ಬಿಟ್ಟೆವು ಎಂಬುದು ಕಾರಣ. ಈ ಬರಹ ಮುಖ್ಯವಾಗಿ ಆ ಎರಡನ್ನು ಕುರಿತದ್ದು. ಆದರೆ ಮೊದಲು ಎದುರಿಗಿರುವ ಜೇಡ ಯಾವುದೆಂದು ತಿಳಿಯಬೇಕು. ಏಕೆಂದರೆ ಒಂದು ಬಗೆಯ ಜೇಡಕ್ಕೆ ಹೊಂದುವ ಉಪಾಯ ಇನ್ನೊಂದಕ್ಕೆ ಹೊಂದುವುದಿಲ್ಲ.

ಗುರುತಿಸುವುದು

ಉದ್ದಗಾಲಿನ ಈ ಜೇಡಗಳು ಫೋಲ್ಸಿಡೇ ಎಂಬ ಕುಟುಂಬಕ್ಕೆ ಸೇರಿದವು. ನಮ್ಮ ಬಯಲುಸೀಮೆಯ ಮತ್ತು ಕರಾವಳಿಯ ಮನೆಗಳಲ್ಲಿ ತುಂಬ ಸಾಮಾನ್ಯವಾಗಿರುವುದು ಕ್ರಾಸೊಪ್ರೈಜಾ ಲಯೋನಿ ಎಂಬ ಜಾತಿ. ಇದರ ಮೈ 3ರಿಂದ 7 ಮಿಲಿಮೀಟರಿನಷ್ಟು ಮಾತ್ರ ಉದ್ದವಿದ್ದರೂ ಬೆಳೆದ ಜೇಡದ ಮುಂಗಾಲು 5–6 ಸೆಂಟಿಮೀಟರ್ ತಲುಪುವುದುಂಟು. ಮೈಬಣ್ಣ ಬೂದು, ಅದರ ಮೇಲೆ ಬಿಳಿಯ ಮಚ್ಚೆಗಳಿರುತ್ತವೆ, ಕಾಲುಗಳಲ್ಲಿ ಕಪ್ಪು ಚುಕ್ಕೆಗಳಿರುತ್ತವೆ. ಇದನ್ನು ಖಚಿತವಾಗಿ ಗುರುತಿಸಲು ಪಕ್ಕದಿಂದ ನೋಡಬೇಕು: ಹೊಟ್ಟೆಯ ಭಾಗ ದುಂಡಗಿರದೆ ಚೌಕಾಕಾರವಾಗಿದ್ದು, ಹಿಂಬದಿಯ ಮೇಲ್ತುದಿಯಲ್ಲಿ ಬಾಲವನ್ನು ಹೋಲುವ ಒಂದು ಮೊನೆ ಎದ್ದಿರುತ್ತದೆ. ಮೊಬೈಲಿನ ಕ್ಯಾಮರಾದಲ್ಲಿ ಹತ್ತಿರದಿಂದ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಈ ಮೊನೆ ಸ್ಪಷ್ಟವಾಗಿ ಕಾಣುತ್ತದೆ.

ಇದೇ ಕುಟುಂಬದ ಫೋಲ್ಕಸ್ ಫ್ಯಾಲಂಜಿಯಾಯ್ಡಿಸ್ ಜಗತ್ತಿನ ಬಹುಪಾಲು ದೇಶಗಳ ಮನೆಗಳಲ್ಲಿರುವ ಜೇಡ. 1775ರಲ್ಲಿಯೇ ವಿಜ್ಞಾನಿಗಳು ಇದನ್ನು ಹೆಸರಿಸಿದ್ದರು. ಯುರೋಪು, ಅಮೆರಿಕಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕಾಣುವ ಉದ್ದಗಾಲಿನ ಜೇಡ ಸಾಮಾನ್ಯವಾಗಿ ಇದೇ. ಇದರ ಹೊಟ್ಟೆ ನೀಳವಾಗಿ ಕೊಳವೆಯಾಕಾರದಲ್ಲಿದ್ದು, ಮಾಸಲು ಹಳದಿ ಮಿಶ್ರಿತ ಕಂದು ಬಣ್ಣದ್ದಾಗಿರುತ್ತದೆ. ಹಿಂದೆ ಮೊನೆ ಇರುವುದಿಲ್ಲ. ಹತೋಟಿಯ ದೃಷ್ಟಿಯಿಂದ ಇವೆರಡನ್ನೂ ಒಂದೇ ಎಂದು ಭಾವಿಸಬಹುದು.

ರೂಪಕ್ಕಿಂತ ನಡವಳಿಕೆಯಿಂದ ಗುರುತಿಸುವುದು ಇನ್ನೂ ಸುಲಭ. ಬಲೆಯನ್ನು ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಈ ಜೇಡ ಓಡಿಹೋಗುವ ಬದಲು ಕಾಲುಗಳನ್ನು ಬಲೆಯಲ್ಲೇ ಊರಿಕೊಂಡು ಇಡೀ ಮೈಯನ್ನು ಗಿರಗಿರನೆ ಅಲುಗಿಸತೊಡಗುತ್ತದೆ. ಆ ವೇಗಕ್ಕೆ ಅದರ ಆಕಾರವೇ ಮಸುಕಾಗಿ, ಹಿಡಿಯಲು ಬಂದ ಪ್ರಾಣಿಗೆ ಗುರಿ ಸಿಗದಂತಾಗುತ್ತದೆ. ಬಲೆಗೂ ಒಂದು ಗೊತ್ತಾದ ವಿನ್ಯಾಸವಿಲ್ಲ. ತೋಟದಲ್ಲಿ ಕಾಣುವ ಚಕ್ರಾಕಾರದ ಬಲೆಯ ಅಂದ ಇದರಲ್ಲಿಲ್ಲ, ಎಳೆಗಳು ಎಲ್ಲ ದಿಕ್ಕಿಗೂ ಗೋಜಲಾಗಿ ಹರಡಿರುತ್ತವೆ. ಹಳೆಯ ಬಲೆಯನ್ನು ಇದು ಬಿಚ್ಚುವುದಿಲ್ಲ, ಮೇಲೆ ಮೇಲೆ ಎಳೆ ಸೇರಿಸುತ್ತ ಹೋಗುತ್ತದೆ, ಇಲ್ಲವೇ ಹಾಗೆಯೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಕಟ್ಟುತ್ತದೆ. ಬಿಟ್ಟ ಎಳೆಗಳಿಗೆ ಧೂಳು, ಅಡುಗೆಮನೆಯಾದರೆ ಮಸಿ ಮತ್ತು ಎಣ್ಣೆಯ ಜಿಡ್ಡು ಹತ್ತಿ, ಹಳೆಯ ಮನೆಗಳಲ್ಲಿ ಇಲ್ಲಣವೆಂದು ಕರೆಯುವ ಕರಿಯ ಎಳೆಗಳು ಇಳಿಬೀಳುತ್ತವೆ. ಆದ್ದರಿಂದ ಮನೆಯಲ್ಲಿ ಬಲೆ ಬಹಳವಿದೆ ಎಂದರೆ ಜೇಡ ಬಹಳವಿದೆ ಎಂದು ಅರ್ಥವಲ್ಲ. ಬಲೆಯಲ್ಲಿ ತೂಗುವ ಬಿಳಿಚಿದ ಜೇಡದಾಕಾರಗಳಲ್ಲಿ ಕೆಲವು, ಬೆಳೆಯುವಾಗ ಅದು ಕಳಚಿಬಿಟ್ಟ ಪೊರೆಗಳು ಮಾತ್ರ. ಬಲೆಯ ನೇರ ಕೆಳಗೆ ನೆಲದ ಮೇಲೆ ಅಥವಾ ಗೋಡೆಯ ಮೇಲೆ ಕಾಣುವ ಸಣ್ಣ ಚುಕ್ಕೆಗಳು ಜೇಡದ ಹಿಕ್ಕೆ. ಹೊಸ ಚುಕ್ಕೆ ಬೀಳುತ್ತಿದ್ದರೆ ಮೇಲೆ ಜೀವಂತ ಜೇಡವಿದೆ ಎಂದು ತಿಳಿಯಬಹುದು.

ಇದರೊಂದಿಗೆ ಬೆರೆಸಿಕೊಳ್ಳಬಾರದ ಇನ್ನೆರಡು ಜೇಡಗಳಿವೆ. ರಾತ್ರಿ ಅಡುಗೆಮನೆಯ ದೀಪ ಹಾಕಿದಾಗ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಂತೆ ನಿಂತು, ಹತ್ತಿರ ಹೋದರೆ ಕ್ಷಣದಲ್ಲಿ ಕಪಾಟಿನ ಹಿಂದೆ ಮಾಯವಾಗುವ ಕಂದು ಬಣ್ಣದ ದೊಡ್ಡ ಜೇಡದ ಹೆಸರು ಹೆಟರೊಪೊಡಾ ವೆನಟೋರಿಯಾ. ಮೈ ಎರಡು ಸೆಂಟಿಮೀಟರಿಗಿಂತ ಹೆಚ್ಚು, ಕಾಲು ಚಾಚಿದರೆ ಅಂಗೈಯಗಲ. ಮುಖದ ಮುಂಭಾಗದಲ್ಲಿ ಅಡ್ಡವಾಗಿ ಮಾಸಲು ಬಿಳಿಯ ಪಟ್ಟಿ ಇರುತ್ತದೆ. ಇದು ಬಲೆ ನೇಯುವುದೇ ಇಲ್ಲ. ಜಿರಲೆಯನ್ನು ಬೇಟೆಯಾಡಿ ತಿನ್ನುತ್ತದೆ. ಹೆಣ್ಣು ತನ್ನ ಮೊಟ್ಟೆಗಳನ್ನು ಬಿಳಿಯ ಬಿಲ್ಲೆಯಾಕಾರದ ಚೀಲದಲ್ಲಿಟ್ಟು ಎದೆಯಡಿ ಹೊತ್ತು ತಿರುಗುತ್ತದೆ. ಎರಡನೆಯದು ಹಗಲಿನಲ್ಲಿ ಕಿಟಕಿಯ ಬಳಿ, ಬಿಸಿಲು ಬಿದ್ದ ಗೋಡೆಯ ಮೇಲೆ ಕುಪ್ಪಳಿಸುತ್ತ ನೊಣ ಹಿಡಿಯುವ ಪುಟ್ಟ ಜೇಡ. ಸುಮಾರು ಒಂದು ಸೆಂಟಿಮೀಟರ್ ಉದ್ದದ, ಮುಂದೆ ಎರಡು ದೊಡ್ಡ ಕಣ್ಣುಗಳಿರುವ ಇದು ನಾವು ಕದಲಿದರೆ ನಮ್ಮತ್ತ ತಿರುಗಿ ನೋಡುತ್ತದೆ. ಇದರ ಬಗ್ಗೆ ಏನನ್ನೂ ಮಾಡಬೇಕಾಗಿಲ್ಲ. ಬಲೆ ಇಲ್ಲ, ಕೊಳೆ ಇಲ್ಲ, ತೊಂದರೆಯಂತೂ ಇಲ್ಲವೇ ಇಲ್ಲ.

ವಿಷ, ಗುಳ್ಳೆ ಮತ್ತು ಜೇಡದ ಮೇಲಿನ ಅಪವಾದ

ಉದ್ದಗಾಲಿನ ಜೇಡ ಜಗತ್ತಿನಲ್ಲೇ ಅತಿ ಹೆಚ್ಚು ವಿಷವುಳ್ಳದ್ದು, ಹಲ್ಲು ಗಿಡ್ಡವಾದ್ದರಿಂದ ಮನುಷ್ಯರನ್ನು ಕಚ್ಚಲಾರದು ಅಷ್ಟೇ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಿರುತ್ತದೆ. ಅದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಇದರ ವಿಷ ಸಣ್ಣ ಕೀಟಗಳಿಗೆ ಸಾಕಾಗುವಂಥದ್ದು. ಮನುಷ್ಯರಿಗೆ ಇದರಿಂದ ಗಂಭೀರ ತೊಂದರೆ ಆಗುವುದಿಲ್ಲ. ಕಂದು ಬಣ್ಣದ ದೊಡ್ಡ ಬೇಟೆಗಾರ ಜೇಡವನ್ನು ಕೈಯಲ್ಲಿ ಹಿಸುಕಿದರೆ, ಅದರಲ್ಲೂ ಮೊಟ್ಟೆಚೀಲ ಹೊತ್ತ ಹೆಣ್ಣಾದರೆ, ಅದು ಕಚ್ಚಬಹುದು. ಆಗ ಉರಿಯೂ ಸ್ವಲ್ಪ ಬಾವೂ ಬರುತ್ತದೆ. ಸೋಪು ನೀರಿನಿಂದ ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಬಾವು ಹರಡುತ್ತಿದ್ದರೆ, ಜ್ವರ ಬಂದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇದಕ್ಕಿಂತ ಹೆಚ್ಚು ಎಚ್ಚರದಿಂದ ನೋಡಬೇಕಾದ ನಂಬಿಕೆ ಇನ್ನೊಂದಿದೆ. ಬೆಳಿಗ್ಗೆ ಎದ್ದಾಗ ಕುತ್ತಿಗೆಯಲ್ಲಿಯೋ ತೋಳಿನಲ್ಲಿಯೋ ಕೆಂಪಗೆ ಗೀರಿದಂತಾಗಿ, ಮಾರನೆಯ ದಿನ ಅಲ್ಲಿ ನೀರುಗುಳ್ಳೆ ಎದ್ದರೆ, ಜೇಡ ಮೈಮೇಲೆ ಹರಿದಿದೆ ಅಥವಾ ಉಚ್ಚೆ ಹೊಯ್ದಿದೆ ಎಂದು ಹಿರಿಯರು ಹೇಳುವುದುಂಟು. ಜೇಡದಿಂದ ಹೀಗಾಗುವುದಿಲ್ಲ. ಮಳೆಗಾಲದಲ್ಲಿ, ವಿಶೇಷವಾಗಿ ಗದ್ದೆ ಮತ್ತು ತೇವದ ಜಾಗಗಳ ಹತ್ತಿರದ ಮನೆಗಳಲ್ಲಿ, ದೀಪದ ಬೆಳಕಿಗೆ ಬರುವ ಪೇಡರಸ್ ಎಂಬ ಸಣ್ಣ ಜೀರುಂಡೆಯೊಂದಿದೆ. ಒಂದು ಸೆಂಟಿಮೀಟರಿಗಿಂತಲೂ ಗಿಡ್ಡವಾದ, ಸಪೂರ ಮೈಯ, ಕಿತ್ತಳೆ ಮತ್ತು ಕಪ್ಪು ಪಟ್ಟಿಗಳ ಈ ಹುಳು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಆದರೆ ಮೈಮೇಲೆ ಕುಳಿತಾಗ ನಾವು ಅರಿಯದೆ ಉಜ್ಜಿದರೆ, ಅದರ ದೇಹದ್ರವದಲ್ಲಿರುವ ಪೆಡೆರಿನ್ ಎಂಬ ರಾಸಾಯನಿಕ ಚರ್ಮವನ್ನು ಸುಡುತ್ತದೆ. ಉರಿ ತಕ್ಷಣ ಬಾರದೆ ಸುಮಾರು ಒಂದು ದಿನದ ಮೇಲೆ ಬರುವುದರಿಂದ ಹುಳು ನೆನಪಿರುವುದಿಲ್ಲ, ಗೋಡೆಯ ಮೇಲೆ ಕಣ್ಣಿಗೆ ಬೀಳುವ ಜೇಡ ಅಪರಾಧಿಯಾಗುತ್ತದೆ. ಆ ಹುಳು ಮೈಮೇಲೆ ಕಂಡರೆ ಉಜ್ಜದೆ ಊದಿ ಹಾರಿಸಬೇಕು, ಕುಳಿತ ಜಾಗವನ್ನು ಸೋಪಿನಿಂದ ತೊಳೆಯಬೇಕು, ಆ ಕೈಯಿಂದ ಕಣ್ಣು ಮುಟ್ಟಬಾರದು.

ಗುಳ್ಳೆಗಳು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಎದ್ದು ನೋವು ಹೆಚ್ಚಾಗಿದ್ದರೆ ಅದು ಸರ್ಪಸುತ್ತು ಆಗಿರಬಹುದು. ಚಿಕನ್‌ಪಾಕ್ಸ್ ತರುವ ವೈರಸ್ಸೇ ವರ್ಷಗಳ ನಂತರ ಮತ್ತೆ ಎಚ್ಚರಗೊಂಡು ಬರುವ ಈ ಕಾಯಿಲೆಗೆ ಔಷಧಿ ಇದೆ, ಆದರೆ ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸಿದರೆ ಅದರ ಪ್ರಯೋಜನ ಹೆಚ್ಚು. ಜೇಡದ ಉಚ್ಚೆ ಎಂದುಕೊಂಡು ಮನೆಯಲ್ಲೇ ಏನಾದರೂ ಅರೆದು ಹಚ್ಚುತ್ತ ಕುಳಿತರೆ ಆ ಅಮೂಲ್ಯವಾದ ಮೂರು ದಿನಗಳು ಕಳೆದುಹೋಗುತ್ತವೆ. ವಯಸ್ಸಾದವರಲ್ಲಿ ಆ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಹಾಗೆಯೇ ರಕ್ತ ನಿಲ್ಲಲೆಂದು ಗಾಯಕ್ಕೆ ಜೇಡರ ಬಲೆ ಒತ್ತುವ ರೂಢಿಯನ್ನೂ ಬಿಡಬೇಕು. ಬಲೆಯೊಂದಿಗೆ ಹೋಗುವ ಧೂಳು ಗಾಯಕ್ಕೆ ಒಳ್ಳೆಯದಲ್ಲ. ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿದರೆ ಸಾಕು.

ಎಷ್ಟನ್ನು ಉಳಿಸಬೇಕು

ಈ ಜೇಡ ಸೊಳ್ಳೆ ತಿನ್ನುತ್ತದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯನ್ನು ಕ್ರಾಸೊಪ್ರೈಜಾ ಲಯೋನಿ ಹಿಡಿದು ತಿನ್ನುವುದನ್ನು ಥಾಯ್ಲೆಂಡಿನ ಮನೆಗಳಲ್ಲಿ ಸಂಶೋಧಕರು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದ್ದಾರೆ. ಇದರಿಂದ ಸೊಳ್ಳೆಯ ಕಾಟ ತೀರುತ್ತದೆಂದು ನಂಬಿ ನಿಂತ ನೀರನ್ನು ಹಾಗೆಯೇ ಬಿಡುವಂತಿಲ್ಲ. ಆದರೆ ಉಗ್ರಾಣ, ಪಂಪಿನ ಕೋಣೆ, ಕೊಟ್ಟಿಗೆ, ಕಾರು ನಿಲ್ಲಿಸುವ ಜಾಗ ಇಂತಹ ಕಡೆ ಇರುವ ಜೇಡಗಳನ್ನು ಅವುಗಳ ಪಾಡಿಗೆ ಬಿಡುವುದೇ ಮೇಲೆಂದು ನಾನು ದೃಢವಾಗಿ ನಂಬಿದ್ದೇನೆ. ತೆಗೆಯಬೇಕಾದದ್ದು ಅಡುಗೆಮನೆ, ದೇವರ ಮನೆ, ಮಲಗುವ ಕೋಣೆ ಮತ್ತು ಧೂಳಿನಿಂದ ಕೆಮ್ಮು, ಉಬ್ಬಸ ಬರುವವರು ಇರುವ ಕೋಣೆಗಳ ಬಲೆಗಳನ್ನು.

ಬಲೆ ತೆಗೆಯುವ ಕ್ರಮ

ಮೊದಲು ಫ್ಯಾನ್ ನಿಲ್ಲಿಸಿ, ಪಾತ್ರೆ ಮತ್ತು ಹಾಸಿಗೆಗಳ ಮೇಲೆ ಹಳೆಯ ಬಟ್ಟೆ ಹೊದಿಸಬೇಕು. ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಳ್ಳಬೇಕು. ಇಲ್ಲಣ ಉದುರುವಾಗ ಕಣ್ಣಿಗೂ ಬೀಳುವುದರಿಂದ ಕನ್ನಡಕ ಹಾಕಿಕೊಂಡರೆ ಒಳ್ಳೆಯದು. ಟ್ಯೂಬ್‌ಲೈಟ್, ಸ್ವಿಚ್‌ಬೋರ್ಡ್, ಮೀಟರಿನ ಸುತ್ತ ಕೈಯಿಡುವ ಮುನ್ನ ಮೇನ್ ಸ್ವಿಚ್ ಆರಿಸಬೇಕು. ಬಲೆಗೆ ಬೆಂಕಿ ತಾಗಿಸಿ ಸುಡುವ ಪದ್ಧತಿ ಕೆಲವು ಕಡೆ ಇದೆ. ಹುಲ್ಲು, ಗರಿ, ಮರದ ಜಂತೆಗಳಿರುವ ಮನೆಯಲ್ಲಿ ಅದರಷ್ಟು ಅಪಾಯದ ಕೆಲಸ ಬೇರೊಂದಿಲ್ಲ, ಯಾವ ಮನೆಯಲ್ಲೂ ಅದನ್ನು ಮಾಡಬಾರದು.

ಉದ್ದನೆಯ ಕೋಲಿನ ತುದಿಗೆ ಒಣಗಿದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಸುತ್ತಿ ಕಟ್ಟಿ, ಬಲೆಯನ್ನು ಅದಕ್ಕೆ ಸುತ್ತಿಕೊಳ್ಳುವಂತೆ ಕೋಲನ್ನು ನಿಧಾನವಾಗಿ ತಿರುಗಿಸಬೇಕು. ಪೊರಕೆಯಿಂದ ಬಡಿದರೆ ಎಳೆ ಹರಿದು ಅರ್ಧ ಅಲ್ಲೇ ಅಂಟಿಕೊಳ್ಳುತ್ತದೆ, ಜೇಡ ಕೆಳಗೆ ಬಿದ್ದು ಮತ್ತೊಂದು ಮೂಲೆ ಸೇರುತ್ತದೆ. ಒದ್ದೆ ಬಟ್ಟೆಯಿಂದ ಆರಂಭಿಸಿದರೆ ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಯ ಮೇಲೆ ಕಪ್ಪು ಗೆರೆಗಳು ಮೂಡಿ ಉಳಿಯುತ್ತವೆ. ಮೊದಲು ಒಣಬಟ್ಟೆಯಿಂದ ತೆಗೆದು, ಜಿಡ್ಡು ಇರುವ ಅಡುಗೆಮನೆಯಲ್ಲಿ ಮಾತ್ರ ಆಮೇಲೆ ಸೋಪು ನೀರಿನ ಬಟ್ಟೆಯಿಂದ ಒರೆಸಬಹುದು. ಕೆಲಸ ಮೇಲಿನಿಂದ ಕೆಳಗೆ ಬರಬೇಕು: ಮೊದಲು ಜಂತೆ ಮತ್ತು ತಾರಸಿಯ ಮೂಲೆ, ಆಮೇಲೆ ವೆಂಟಿಲೇಟರ್, ಸಜ್ಜೆಯ ಅಡಿ, ಪರದೆಯ ಸರಳಿನ ಹಿಂದೆ, ಫೋಟೋಗಳ ಹಿಂದೆ, ಕೊನೆಗೆ ಮಂಚ, ಮೇಜು, ಸಿಂಕಿನ ಅಡಿ. ಬಚ್ಚಲುಮನೆಯ ಕೊಳವೆಗಳ ಹಿಂಭಾಗವನ್ನೂ ಗ್ಯಾಸ್ ಸಿಲಿಂಡರಿನ ಮೂಲೆಯನ್ನೂ ಜನ ಸಾಮಾನ್ಯವಾಗಿ ಮರೆಯುತ್ತಾರೆ, ಜೇಡ ಮರೆಯುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಇದ್ದವರಿಗೆ ಅದರ ಉದ್ದ ಕೊಳವೆ ಎಲ್ಲಕ್ಕಿಂತ ಒಳ್ಳೆಯ ಸಾಧನ. ಜೇಡ, ಬಲೆ, ಮೊಟ್ಟೆ ಮೂರೂ ಒಟ್ಟಿಗೆ ಹೋಗುತ್ತವೆ. ಕೆಲಸ ಮುಗಿದ ಕೂಡಲೇ ಅದರ ಚೀಲವನ್ನು ಮನೆಯ ಹೊರಗೆ ಬರಿದು ಮಾಡಬೇಕು.

ಮೊಟ್ಟೆಯ ವಿಚಾರ ಇಲ್ಲಿ ಬಹಳ ಮುಖ್ಯ. ಉದ್ದಗಾಲಿನ ಹೆಣ್ಣುಜೇಡ ಮೊಟ್ಟೆಗಳನ್ನು ಗೋಡೆಗೆ ಅಂಟಿಸುವುದಿಲ್ಲ. ಕೆಲವೇ ಎಳೆಗಳಿಂದ ಸುತ್ತಿ, ಸಣ್ಣ ದ್ರಾಕ್ಷಿ ಗೊಂಚಲಿನಂತೆ ಬಾಯಲ್ಲಿ ಕಚ್ಚಿಕೊಂಡಿರುತ್ತದೆ. ಒಂದು ಗೊಂಚಲಿನಲ್ಲಿ ಕೆಲವು ಹತ್ತುಗಳಷ್ಟು ಮೊಟ್ಟೆಗಳಿರುತ್ತವೆ, ಕೆಲವೇ ವಾರಗಳಲ್ಲಿ ಮರಿಗಳು ಹೊರಬಂದು ತಾಯಿಯ ಬಲೆಯ ಸುತ್ತಮುತ್ತ ಹರಡಿಕೊಳ್ಳುತ್ತವೆ. ಹಬ್ಬದ ದಿನ ಬಲೆ ಹೊಡೆದಾಗ ಇಂತಹ ಒಂದು ಹೆಣ್ಣು ತಪ್ಪಿಸಿಕೊಂಡರೆ ಸಾಕು. ಆದ್ದರಿಂದ ಯುಗಾದಿಗೊಮ್ಮೆ, ದಸರೆಗೊಮ್ಮೆ ಮನೆಯೆಲ್ಲ ಧೂಳು ಹೊಡೆಯುವುದಕ್ಕಿಂತ, ಎರಡು ವಾರಕ್ಕೊಮ್ಮೆ ಬಲೆ ಕಟ್ಟುವ ಗೊತ್ತಾದ ಮೂಲೆಗಳನ್ನಷ್ಟೇ ಕೋಲಿನಿಂದ ಸುತ್ತಿ ತೆಗೆಯುವುದು ಹೆಚ್ಚು ಫಲ ಕೊಡುತ್ತದೆ. ಮಳೆಗಾಲದಲ್ಲಿ, ಅದರ ಹಿಂದೆಯೇ ಬರುವ ತಿಂಗಳುಗಳಲ್ಲಿ ಕೀಟಗಳು ಹೆಚ್ಚಿರುವುದರಿಂದ ವಾರಕ್ಕೊಮ್ಮೆ ನೋಡಬೇಕಾಗುತ್ತದೆ.

ಜೇಡವನ್ನು ಕೊಲ್ಲಲು ಮನಸ್ಸಿಲ್ಲದವರು ಅಗಲ ಬಾಯಿಯ ಡಬ್ಬಿಯನ್ನು ಅದರ ಮೇಲೆ ಮೆಲ್ಲನೆ ಕವುಚಿ, ಗೋಡೆಗೂ ಡಬ್ಬಿಗೂ ನಡುವೆ ದಪ್ಪ ರಟ್ಟೊಂದನ್ನು ತೂರಿಸಿ, ಹೊರಗೆ ಕೊಂಡೊಯ್ದು ಕೊಟ್ಟಿಗೆಯಲ್ಲಿಯೋ ಗಿಡದ ಬುಡದಲ್ಲಿಯೋ ಬಿಡಬಹುದು. ದೊಡ್ಡ ಬೇಟೆಗಾರ ಜೇಡಕ್ಕೆ ಇದೇ ಸರಿಯಾದ ದಾರಿ. ಉದ್ದಗಾಲಿನದನ್ನು ಕೈಯಿಂದ ಎತ್ತಲು ಹೋದರೆ ಕಾಲು ಕಳಚಿ ಬರುತ್ತದೆ.

ಊಟ ಮತ್ತು ದಾರಿ ತಪ್ಪಿಸುವುದು

ಜೇಡ ನೆಲೆಸುವುದು ಊಟವಿರುವ ಕಡೆ. ರಾತ್ರಿ ಬಾಗಿಲ ಮೇಲೆ ಉರಿಯುವ ಬಿಳಿಯ ದೀಪಕ್ಕೆ ಹುಳುಗಳು ಮುತ್ತುತ್ತವೆ, ಮಳೆ ಬಿದ್ದ ಸಂಜೆ ಈಸಲು ಹುಳು ಏಳುತ್ತದೆ, ಆ ದೀಪದ ಸುತ್ತ ಬಲೆಗಳು ಏಳುತ್ತವೆ. ಹೊರಗಿನ ದೀಪವನ್ನು ಹಳದಿ ಬೆಳಕಿನ ಎಲ್‌ಇಡಿಗೆ ಬದಲಿಸಿದರೆ ಬರುವ ಹುಳುಗಳು ಕಡಿಮೆಯಾಗುತ್ತವೆ. ಸಾಧ್ಯವಿದ್ದರೆ ದೀಪವನ್ನು ಬಾಗಿಲ ನೆತ್ತಿಯಿಂದ ತೆಗೆದು ತುಸು ದೂರದ ಕಂಬಕ್ಕೆ ಹಾಕಿಸಬೇಕು. ಸಂಜೆ ದೀಪ ಹಚ್ಚುವ ಮೊದಲೇ ಪರದೆಯಿಲ್ಲದ ಕಿಟಕಿಗಳನ್ನು ಮುಚ್ಚುವ ಹಳೆಯ ಅಭ್ಯಾಸ ಸೊಳ್ಳೆಗೂ ಜೇಡಕ್ಕೂ ಒಂದೇ ಸಮನೆ ಉಪಯುಕ್ತ. ಅಡುಗೆಮನೆಯಲ್ಲಿ ಎಂಜಲು ಪಾತ್ರೆ ಮತ್ತು ಹಸಿಕಸವನ್ನು ರಾತ್ರಿಯಿಡೀ ಬಿಡದಿದ್ದರೆ ಜಿರಲೆ ಇಳಿಯುತ್ತದೆ. ಜಿರಲೆ ಇಳಿದರೆ ದೊಡ್ಡ ಬೇಟೆಗಾರ ಜೇಡಕ್ಕೆ ಅಲ್ಲಿ ಕೆಲಸವಿರುವುದಿಲ್ಲ.

ವೆಂಟಿಲೇಟರ್ ಮತ್ತು ಗವಾಕ್ಷಿಗಳಿಗೆ ಸೊಳ್ಳೆ ಜಾಲರಿ ಹಾಕಿಸುವುದು, ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಬಡಿಸುವುದು, ಕೊಳವೆ ಗೋಡೆಯನ್ನು ಹಾದುಬರುವ ತೂತುಗಳನ್ನು ಸಿಮೆಂಟಿನಿಂದ ಮುಚ್ಚುವುದು, ಹಳೆಯ ಪತ್ರಿಕೆ ಮತ್ತು ರಟ್ಟಿನ ಪೆಟ್ಟಿಗೆಗಳ ರಾಶಿಯನ್ನು ಗೋಡೆಯಿಂದ ದೂರ ಇಡುವುದು ಇವೆಲ್ಲ ತಾರಸಿ ಮನೆಗಳಲ್ಲಿ ಚೆನ್ನಾಗಿ ಫಲಿಸುತ್ತವೆ. ಮಲೆನಾಡಿನ, ಕರಾವಳಿಯ ಹಂಚಿನ ಮನೆಗಳಲ್ಲಿ ಸಂದಿಗಳನ್ನೆಲ್ಲ ಮುಚ್ಚುವುದು ಆಗದ ಮಾತು. ಅಲ್ಲಿ ಮಲಗುವ ಕೋಣೆ ಮತ್ತು ಅಡುಗೆಮನೆಯನ್ನು ಮಾತ್ರ ನೋಡಿಕೊಂಡು ಅಟ್ಟವನ್ನು ಜೇಡಗಳಿಗೆ ಬಿಟ್ಟುಕೊಡುವುದೇ ವಿವೇಕ.

ಔಷಧಿ ಹೊಡೆಯುವ ಮುನ್ನ

ಜಿರಲೆಗೆಂದು ಗೋಡೆಗೂ ನೆಲಕ್ಕೂ ಹೊಡೆಯುವ ಕೀಟನಾಶಕ ಜೇಡದ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಜಿರಲೆ ಹೊಟ್ಟೆ ಎಳೆಯುತ್ತ ನಡೆದು, ಮೀಸೆ ಕಾಲುಗಳನ್ನು ನೆಕ್ಕಿ ಶುಚಿ ಮಾಡಿಕೊಳ್ಳುವಾಗ ವಿಷವನ್ನು ಒಳಗೆ ತೆಗೆದುಕೊಳ್ಳುತ್ತದೆ. ಉದ್ದಗಾಲಿನ ಜೇಡವೋ ಬಲೆಯಲ್ಲಿ ತೂಗುತ್ತ ಗೋಡೆಯನ್ನು ಮುಟ್ಟುವುದೇ ಅಪರೂಪ; ಮುಟ್ಟಿದರೂ ಕಾಲ ತುದಿ ಮಾತ್ರ. ನೇರವಾಗಿ ಮೈಮೇಲೆ ಸಿಂಪಡಿಸಿದರೆ ಸಾಯುತ್ತದೆ, ಆದರೆ ಸಿಂಪಡಿಸುವಷ್ಟು ಹತ್ತಿರ ಹೋದವರಿಗೆ ಕೋಲೇ ಸಾಕು. ಈ ಕೀಟನಾಶಕಗಳಲ್ಲಿರುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದವು ಮೀನುಗಳಿಗೆ ಮಾರಕ, ಇದೇ ಗುಂಪಿನ ಪರ್ಮೆಥ್ರಿನ್ ಬೆಕ್ಕುಗಳಿಗೆ ತೀರ ಅಪಾಯಕಾರಿ. ಅಕ್ವೇರಿಯಂ ಅಥವಾ ಬೆಕ್ಕು ಇರುವ ಮನೆಯವರು ಇದನ್ನು ಮರೆಯಬಾರದು.

ರೇಷ್ಮೆ ಸಾಕುವ ಮನೆಗಳಲ್ಲಂತೂ ಇದು ಜೀವನೋಪಾಯದ ಪ್ರಶ್ನೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಗೆ ಹೊಂದಿಕೊಂಡೇ ಹುಳು ಸಾಕುವ ಕೋಣೆ ಇರುವುದುಂಟು. ಈ ಕೀಟನಾಶಕಗಳ ಅತ್ಯಲ್ಪ ಅಂಶ ಹಿಪ್ಪುನೇರಳೆ ಸೊಪ್ಪಿಗೋ ಹುಳು ಗೂಡು ಕಟ್ಟುವ ಚಂದ್ರಿಕೆಗೋ ಗಾಳಿಯಲ್ಲಿ ತಾಗಿದರೂ ರೇಷ್ಮೆಹುಳುಗಳು ಸಾಯುತ್ತವೆ. ಅಂತಹ ಮನೆಯಲ್ಲಿ ಪಕ್ಕದ ಕೋಣೆಯಲ್ಲಿಯೂ ಸ್ಪ್ರೇ ಹೊಡೆಯಬಾರದು, ಹೊಡೆದ ಕೈಯಿಂದ ಸೊಪ್ಪು ಮುಟ್ಟಬಾರದು. ಬಲೆಗೆ ಕೋಲು ಮತ್ತು ಬಟ್ಟೆಯೇ ಉಪಾಯ.

ಪುದೀನ ಎಣ್ಣೆ, ನಿಂಬೆ ಎಣ್ಣೆ ಸಿಂಪಡಿಸಿದರೆ ಜೇಡ ಬರುವುದಿಲ್ಲ ಎಂಬ ಸಲಹೆಯೂ ಪ್ರಚಾರದಲ್ಲಿದೆ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪುದೀನ ಎಣ್ಣೆ ಕೆಲವು ಜಾತಿಯ ಜೇಡಗಳನ್ನು ದೂರವಿಟ್ಟಿತು, ನಿಂಬೆ ಎಣ್ಣೆಯಿಂದ ಏನೂ ಆಗಲಿಲ್ಲ. ಆ ಜಾತಿಗಳು ನಮ್ಮ ಮೂಲೆಯ ಉದ್ದಗಾಲಿನವಲ್ಲ. ವಾಸನೆ ಬೇಗ ಆರಿಹೋಗುವುದರಿಂದ ಎಣ್ಣೆಯನ್ನೇ ನಂಬಿ ಬಲೆ ತೆಗೆಯುವುದನ್ನು ನಿಲ್ಲಿಸಬಾರದು. ಪ್ಲಗ್ಗಿಗೆ ಹಾಕುವ ಶಬ್ದತರಂಗದ ಯಂತ್ರಗಳಿಗೆ ಹಣ ಕೊಡುವುದು ವ್ಯರ್ಥ.

ಇಷ್ಟಾದ ಮೇಲೂ ಕೀಟ ನಿಯಂತ್ರಣದವರನ್ನು ಕರೆಸಲೇಬೇಕೆನಿಸಿದರೆ, ಯಾವ ರಾಸಾಯನಿಕ, ಎಷ್ಟು ಪ್ರಮಾಣದಲ್ಲಿ, ಯಾವ ಹುಳುವಿಗಾಗಿ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಜೇಡಕ್ಕೆಂದು ಮನೆಯೆಲ್ಲ ಹೊಡೆಯುತ್ತೇವೆ ಎನ್ನುವವರಿಗಿಂತ, ಜಿರಲೆಗೆ ಜೆಲ್ ಇಟ್ಟು ಬಲೆಗಳನ್ನು ಯಂತ್ರದಿಂದ ಎಳೆದು ತೆಗೆಯುತ್ತೇವೆ ಎನ್ನುವವರನ್ನು ಆರಿಸಿಕೊಳ್ಳಬೇಕು. ಅವರು ಬರುವ ಹಿಂದಿನ ದಿನವೇ ಸಜ್ಜೆಯ ಮೇಲಿನ ಸಾಮಾನುಗಳನ್ನು ಇಳಿಸಿ, ಕಪಾಟುಗಳನ್ನು ಗೋಡೆಯಿಂದ ಒಂದಡಿ ಸರಿಸಿ ಇಟ್ಟರೆ, ಬಲೆಯೂ ಮೊಟ್ಟೆಯೂ ಇರುವ ಹಿಂಬದಿಯ ಜಾಗಕ್ಕೆ ಅವರ ಕೈ ಹೋಗುತ್ತದೆ.